ಎರಡೂ ಎಡಗೈ ತೋಳು: ಅಲ್ಝೈಮರ್ ಶುರುವಾದ ಮೇಲೆ ಒಬ್ಬ ಟೈಲರ್ ಆಂಟಿಯ ಮೂರು ವರ್ಷ

ಅವರನ್ನು ಎಲ್ಲರೂ ಆಂಟಿ ಅಂತ ಕರೆಯುತ್ತಿದ್ದರು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ವಯಸ್ಸು, ಮನೆಮಂದಿಯ ವಿವರ, ಇನ್ನೂ ಒಂದೆರಡು ಸಂಗತಿ ಬದಲಿಸಿದ್ದೇನೆ, ಗುರುತು ಸಿಗಬಾರದು ಅಂತ. ಹೊಲಿಗೆಯ ಭಾಗವನ್ನು ಮಾತ್ರ ಮುಟ್ಟಿಲ್ಲ, ಅದನ್ನು ತೆಗೆದರೆ ಈ ಪ್ರಕರಣದಲ್ಲಿ ಹೇಳಲು ಏನೂ ಉಳಿಯುವುದಿಲ್ಲ. ಬರೆಯಲಾ ಅಂತ ಕೇಳಿದಾಗ ಅವರು ಒಂದೇ ಷರತ್ತು ಹಾಕಿ ಒಪ್ಪಿದರು: "ಎಲ್ಲೂ ನನ್ನನ್ನ ಪಾಪ ಅನ್ನಬಾರದು."

ನಾನು ಮರೆವಿನ ಕಾಯಿಲೆ ಇರುವವರ ಜೊತೆ, ಅವರ ಮನೆಯವರ ಜೊತೆ ಕೆಲಸ ಮಾಡುವವಳು. ಔಷಧ ಬರೆಯುವುದು ನನ್ನ ಕೆಲಸವಲ್ಲ. ದಿನ ಹೇಗೆ ಸಾಗುತ್ತಿದೆ, ಯಾವ ಕೆಲಸ ಯಾರು ಮಾಡುತ್ತಾರೆ, ಜಗಳ ಎಲ್ಲಿ ಶುರುವಾಗುತ್ತದೆ, ಇಂಥದ್ದನ್ನು ನೋಡುತ್ತೇನೆ. ಆಂಟಿಯ ಪರಿಚಯವಾದಾಗ ಅವರಿಗೆ 66. ನಲವತ್ತು ವರ್ಷ ಹೊಲಿದ ಕೈ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಕಾಲಲ್ಲಿ ತುಳಿಯುವ ಹಳೆಯ ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸಲು ಉದ್ದನೆಯ ಮೇಜು, ಗೋಡೆಗೆ ಒರಗಿಸಿ ಪೇರಿಸಿಟ್ಟ ಅಳತೆ ಪುಸ್ತಕಗಳು. ಮನೆಯಲ್ಲಿ ನಿವೃತ್ತರಾದ ಯಜಮಾನರು ಮತ್ತು ಕೆಲಸಕ್ಕೆ ಹೋಗುವ ಮಗಳು. ನಾಲ್ಕು ವರ್ಷದಿಂದ ಹೊಲಿಗೆ ಕಲಿಯಲು ಬರುತ್ತಿದ್ದ ಒಬ್ಬ ಹುಡುಗಿಯೂ ಇದ್ದಳು. ಅವಳ ಪಾತ್ರ ಮುಂದೆ ದೊಡ್ಡದಾಗುತ್ತದೆ.

ಮೊದಲು ಎಡವಟ್ಟಾದದ್ದು ತೋಳು

ಮರೆವಿಗಿಂತ ಮುಂಚೆ ಕಂಡದ್ದು ತೋಳು. ಹೊಲಿಗೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ತೋಳಿಗೆ ಎಡ ಬಲ ಇರುತ್ತದೆ, ಮುಂಭಾಗಕ್ಕೆ ಬರುವ ಕಡೆ ಸ್ವಲ್ಪ ಜಾಸ್ತಿ ತೋಡಿ ಕತ್ತರಿಸುತ್ತಾರೆ. ಬಟ್ಟೆ ಮಡಿಸಿ ಎರಡು ಪದರ ಒಟ್ಟಿಗೆ ಕತ್ತರಿಸಿದರೆ ಜೋಡಿ ತಾನಾಗಿಯೇ ಬರುತ್ತದೆ. ಬಿಡಿಬಿಡಿಯಾಗಿ ಕತ್ತರಿಸಿದರೆ ಎರಡನೆಯದಕ್ಕೆ ಬಟ್ಟೆಯನ್ನು ತಿರುವಿ ಹಾಕಬೇಕು. ಹೊಸದಾಗಿ ಕಲಿಯುವವರು ಇದನ್ನು ಮೊದಲ ತಿಂಗಳು ತಪ್ಪುತ್ತಾರೆ, ಆಮೇಲೆ ಜನ್ಮದಲ್ಲಿ ತಪ್ಪುವುದಿಲ್ಲ. ಆಂಟಿ ಒಂದು ಬ್ಲೌಸಿಗೆ ಎರಡೂ ಎಡಗೈ ತೋಳು ಕತ್ತರಿಸಿದರು. ಕಣ್ಣಿನ ತೊಂದರೆ ಅಂದುಕೊಂಡು ಕನ್ನಡಕ ಬದಲಿಸಿದರು. ಎರಡು ವಾರ ಬಿಟ್ಟು ಮತ್ತೆ ಅದೇ ಆಯಿತು.

ಹಿಂದೆ ತಿರುಗಿ ನೋಡಿದರೆ ಬೇರೆಯೂ ಇದ್ದವು. ಅಳತೆ ಕೊಟ್ಟು ಹೋದ ಗಿರಾಕಿಯನ್ನೇ ಮರುದಿನ ಫೋನ್ ಮಾಡಿ ಅಳತೆಗೆ ಕರೆದಿದ್ದರು. ಬಾಬಿನ್, ಅಂದರೆ ಮಿಷನ್ನಿನ ಕೆಳಗಿನ ದಾರ ಸುತ್ತುವ ಉರುಳೆ, ತಂದು ಬಾಬಿನ್ ತರಲು ಮತ್ತೆ ಹೋಗಿದ್ದರು. ಯಜಮಾನರಿಗೆ ಇದೆಲ್ಲ ವಯಸ್ಸಿನ ಮರೆವು. ಹುಡುಗಿ ಮಾತ್ರ ತೋಳಿನ ವಿಷಯವನ್ನು ಮಗಳಿಗೆ ಹೇಳಿದಳು. "ಅಕ್ಕಾ, ಮರೆತರೆ ನಂಗೇನೂ ಅನ್ನಿಸ್ತಿರಲಿಲ್ಲ. ತಪ್ಪಾಗಿದೆ ಅಂತ ತೋರಿಸಿದ್ರೂ ಅವರಿಗೆ ಎಲ್ಲಿ ತಪ್ಪಿದೆ ಅಂತ ಕಾಣಲಿಲ್ಲ." ಇಷ್ಟು ಸರಿಯಾಗಿ ಗಮನಿಸಿದವರು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕೀಲಿ ಎಲ್ಲಿಟ್ಟೆ ಅಂತ ಎಲ್ಲರೂ ಮರೆಯುತ್ತಾರೆ. ನಲವತ್ತು ವರ್ಷ ಮಾಡಿದ ಕೆಲಸದ ಮೆಟ್ಟಿಲೇ ತಪ್ಪಿದರೆ ಡಾಕ್ಟರ ಹತ್ತಿರ ಹೋಗಬೇಕು.

ಹೋದರು. ರಕ್ತದಲ್ಲಿ ಬಿ12, ಥೈರಾಯ್ಡ್ ನೋಡಿದರು, ಏಕೆಂದರೆ ಇವುಗಳ ಏರುಪೇರೂ ಮರೆವು ತರುತ್ತದೆ, ಅದನ್ನು ಸರಿಪಡಿಸಬಹುದು. ಎರಡೂ ಸರಿಯಿದ್ದವು. ಮೋಕಾ ಎಂಬ ಪರೀಕ್ಷೆ ಮಾಡಿದರು, 30 ಅಂಕದ್ದು. ಗಡಿಯಾರ ಬಿಡಿಸುವುದು, ಐದು ಪದ ಕೇಳಿ ಸ್ವಲ್ಪ ಹೊತ್ತಿನ ಮೇಲೆ ಹೇಳುವುದು ಇತ್ಯಾದಿ. ಸಾಮಾನ್ಯವಾಗಿ 26ಕ್ಕಿಂತ ಕಡಿಮೆಯಾದರೆ ಮುಂದಿನ ತಪಾಸಣೆ ಬೇಕು ಅನ್ನುತ್ತಾರೆ. ಆಂಟಿಗೆ 20 ಬಂತು, ಐದು ಪದದಲ್ಲಿ ಒಂದೂ ಬರಲಿಲ್ಲ. ಎಂಆರ್‌ಐಯಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗ, ಅಂದರೆ ಹೊಸ ನೆನಪು ಕೂಡಿಡುವ ಜಾಗ, ವಯಸ್ಸಿಗೆ ಮೀರಿ ಕುಗ್ಗಿತ್ತು. ಅಲ್ಝೈಮರ್, ಆರಂಭದ ಹಂತ ಅಂತ ತೀರ್ಮಾನವಾಯಿತು. ಡೊನೆಪೆಜಿಲ್ ಮಾತ್ರೆ ಶುರುವಾಯಿತು, ಮೊದಲು ದಿನಕ್ಕೆ 5 ಮಿಲಿಗ್ರಾಂ, ಆರು ವಾರದ ಮೇಲೆ 10.

ಇಲ್ಲಿಂದ ಮುಂದಿನ ಐದು ತಿಂಗಳು ಎಲ್ಲ ತಪ್ಪು ದಾರಿ ಹಿಡಿಯಿತು. ಮನೆಯವರು ಪ್ರೀತಿಯಿಂದಲೇ ಮಾಡಿದರು, ಅದರಲ್ಲಿ ಸಂಶಯವಿಲ್ಲ.

ಬೆಲ್ಟ್ ಕಳಚಿದ ಐದು ತಿಂಗಳು

ಡಾಕ್ಟರು ವಿಷಯ ಹೇಳಿದ್ದು ಮಗಳಿಗೆ, ಆಂಟಿಯನ್ನು ಹೊರಗೆ ಕೂರಿಸಿ. ಮಗಳೇ ಹಾಗೆ ಕೇಳಿಕೊಂಡಿದ್ದಳು. ಮನೆಗೆ ಬಂದು "ನರಗಳ ವೀಕ್ನೆಸ್ ಅಂತೆ ಅಮ್ಮ, ಶಕ್ತಿಗೆ ಮಾತ್ರೆ" ಅಂದಳು. ಮಾತ್ರೆಯ ಹಾಳೆಯಿಂದ ಹೆಸರಿರುವ ಭಾಗ ಕತ್ತರಿಸಿ ಡಬ್ಬಿಗೆ ತುಂಬಿಟ್ಟಳು.

ಆಮೇಲೆ ಒಂದೊಂದೇ ಕೆಲಸ ಕೈ ಬಿಟ್ಟಿತು. ಮೊದಲು ಲೆಕ್ಕಪತ್ರ, ಆಮೇಲೆ ಒಲೆ, ಆಮೇಲೆ ಒಬ್ಬರೇ ಹೊರಗೆ ಹೋಗುವುದು. ಹೊಸ ಬಟ್ಟೆ ತರಬೇಡಿ ಅಂತ ಮಗಳು ಗಿರಾಕಿಗಳಿಗೆ ಹೇಳಿದಳು. ಆದರೂ ಆಂಟಿ ಮಿಷನ್ ಮುಂದೆ ಹೋಗಿ ಕೂರುತ್ತಿದ್ದರು. ಸೂಜಿ ಬೆರಳಿಗೆ ಚುಚ್ಚೀತು ಅನ್ನುವ ಭಯಕ್ಕೆ ಯಜಮಾನರು ಒಂದು ದಿನ ಮಿಷನ್ನಿನ ಬೆಲ್ಟ್ ಕಳಚಿ ಬೀರುವಿನಲ್ಲಿಟ್ಟರು. ಬೆಲ್ಟ್ ಇಲ್ಲದಿದ್ದರೆ ಪೆಡಲ್ ಆಡುತ್ತದೆ, ಕೆಳಗಿನ ಚಕ್ರ ತಿರುಗುತ್ತದೆ, ಸೂಜಿ ಮಾತ್ರ ಅಲ್ಲಾಡುವುದಿಲ್ಲ. ಆಂಟಿ ಹಾಗೇ ತುಳಿಯುತ್ತಾ ಕೂರುತ್ತಿದ್ದರಂತೆ. ಒಂದು ವಾರ. ಆಮೇಲೆ ಆ ಕೋಣೆಗೆ ಹೋಗುವುದನ್ನೇ ಬಿಟ್ಟರು.

ನನ್ನ ಹತ್ತಿರ ಬಂದಾಗ ಮಗಳು ಹೇಳಿದ್ದು ಇಷ್ಟು: ಅಮ್ಮನಿಗೆ ತುಂಬಾ ಬೇಗ ಜಾಸ್ತಿ ಆಗ್ತಿದೆ, ಮಾತಾಡಲ್ಲ, ಹಗಲೆಲ್ಲ ಮಂಪರು, ಸಂಜೆ ಗಲಿಬಿಲಿ, ಮೋಕಾ 16ಕ್ಕೆ ಇಳಿದಿದೆ, ಇನ್ನು ಎಷ್ಟು ದಿನ? ಆಂಟಿ ಪಕ್ಕದಲ್ಲೇ ಕೂತಿದ್ದರು, ಸೆರಗಿನ ತುದಿಯ ಬಿಟ್ಟುಹೋದ ದಾರ ಸುತ್ತುತ್ತಾ. ನಾನು ಮಗಳನ್ನು ಬಿಟ್ಟು ಅವರ ಕಡೆ ತಿರುಗಿ, "ಆಂಟಿ, ನಿಮಗೆ ಏನಾಗಿದೆ ಅಂತ ನಿಮಗನ್ನಿಸುತ್ತದೆ?" ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಮಗಳು ಉತ್ತರ ಹೇಳಲು ಬಾಯಿ ತೆರೆದಳು, ನಾನು ಕೈ ಸನ್ನೆ ಮಾಡಿ ತಡೆದೆ. ಕೊನೆಗೆ ಅವರು ಅಂದರು: "ನನಗೇನಾಗಿದೆ ಅಂತ ನನ್ನ ಬಿಟ್ಟು ಮನೇಲಿ ಎಲ್ಲರಿಗೂ ಗೊತ್ತು. ಅಲ್ವಾ?"

ಹೇಳಬೇಕೋ ಬೇಡವೋ ಎಂಬ ವಾದ ಎಲ್ಲ ಮನೆಯಲ್ಲೂ ಇರುತ್ತದೆ. ತನಗೆ ಏನೂ ಆಗಿಲ್ಲ ಅಂತ ನಿಜವಾಗಿಯೂ ನಂಬುವವರಿದ್ದಾರೆ. ತನ್ನ ಕೊರತೆ ತನಗೆ ಗೊತ್ತಾಗದಿರುವುದು ಕಾಯಿಲೆಯ ಭಾಗವೇ. ಅಂಥವರ ಮೇಲೆ ಹೆಸರನ್ನು ಹೇರಿ ಪ್ರಯೋಜನವಿಲ್ಲ. ಆದರೆ ಆಂಟಿ ಕೇಳುತ್ತಿದ್ದರು. ಕೇಳುವವರಿಗೆ ಹೇಳದಿದ್ದರೆ ಅವರು ತಮ್ಮದೇ ಉತ್ತರ ಹುಡುಕಿಕೊಳ್ಳುತ್ತಾರೆ, ಅದು ನಿಜಕ್ಕಿಂತ ಕೆಟ್ಟದ್ದೇ ಆಗಿರುತ್ತದೆ. ಆಂಟಿ ಹುಚ್ಚು ಹಿಡಿಯುತ್ತಿದೆ ಅಂದುಕೊಂಡಿದ್ದರು. ಮುಂದಿನ ವಾರ ಡಾಕ್ಟರೇ ಕೂರಿಸಿಕೊಂಡು, ನಿಧಾನವಾಗಿ, ಹೆಸರು ಹಿಡಿದು ಹೇಳಿದರು. ಆಂಟಿ ಅತ್ತರು. ಮನೆಗೆ ಬಂದ ಮೇಲೆ ಮೊದಲ ಪ್ರಶ್ನೆ: "ಹಾಗಾದರೆ ಬೆಲ್ಟ್ ಯಾಕೆ ತೆಗೆದ್ರಿ?" ಯಜಮಾನರ ಹತ್ತಿರ ಉತ್ತರವಿರಲಿಲ್ಲ. ಬೀರು ತೆಗೆದು ಬೆಲ್ಟ್ ತಂದು ಕೊಟ್ಟರು.

ಮಂಪರಿಗೆ ಕಾರಣ ಬೇರೆಯೇ ಇತ್ತು

ಆದರೆ 20 ಇದ್ದದ್ದು ಐದು ತಿಂಗಳಲ್ಲಿ 16 ಆಗಿದ್ದಕ್ಕೆ ಬರೀ ಬೇಸರ ಕಾರಣವಲ್ಲ. ಅಲ್ಝೈಮರ್ ಸಾಮಾನ್ಯವಾಗಿ ಅಷ್ಟು ಅವಸರದಲ್ಲಿ ಇಳಿಯುವುದಿಲ್ಲ. ಹಠಾತ್ತಾಗಿ ಕೆಟ್ಟರೆ ಸೋಂಕು, ಹೊಸ ಮಾತ್ರೆ, ನೀರಿನ ಕೊರತೆ, ಖಿನ್ನತೆ, ಹೀಗೆ ಇನ್ನೇನೋ ಸೇರಿಕೊಂಡಿದೆ ಅಂತ ಹುಡುಕಬೇಕು. ನಾನು ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿ ತನ್ನಿ ಅಂದೆ. ಪಟ್ಟಿ ಬರೆದು ತಂದರೆ ಡಾಕ್ಟರು ಬರೆದದ್ದು ಮಾತ್ರ ಬರುತ್ತದೆ. ಚೀಲ ತಂದರೆ ಎಲ್ಲ ಬರುತ್ತದೆ.

ಬಂತು. ನೆಗಡಿ, ಅಲರ್ಜಿಗೆ ತೆಗೆದುಕೊಳ್ಳುವ ಕ್ಲೋರ್‌ಫೆನಿರಮೈನ್ ಹಾಳೆ, ಅರ್ಧ ಖಾಲಿ. ಯಾರಿಗೆ ನೆಗಡಿ? ಯಾರಿಗೂ ಇಲ್ಲ. ಕಥೆ ಹೀಗಿತ್ತು. ಡೊನೆಪೆಜಿಲ್ 10 ಮಿಲಿಗ್ರಾಂ ಆದ ಮೇಲೆ ಆಂಟಿಗೆ ರಾತ್ರಿ ಭಯಂಕರ ಕನಸು ಬೀಳಲು ಶುರುವಾಯಿತು, ಚೀರಿ ಏಳುತ್ತಿದ್ದರು. ರಾತ್ರಿ ಮಲಗುವ ಮುಂಚೆ ತೆಗೆದುಕೊಂಡರೆ ಕೆಲವರಿಗೆ ಈ ಮಾತ್ರೆ ಹೀಗೆ ಮಾಡುತ್ತದೆ. ಮನೆಯವರಿಗೆ ಅದು ಗೊತ್ತಿರಲಿಲ್ಲ, ಕಾಯಿಲೆ ಅಂದುಕೊಂಡರು. ನಿದ್ದೆ ಬರಲಿ ಅಂತ ಯಾರೋ ಹೇಳಿದ ನೆಗಡಿ ಮಾತ್ರೆ ದಿನಾ ರಾತ್ರಿ ಕೊಟ್ಟರು. ಡೊನೆಪೆಜಿಲ್ ಮಾಡುವ ಕೆಲಸ ಏನು? ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬೇಗ ಒಡೆದುಹೋಗದ ಹಾಗೆ ನೋಡಿಕೊಳ್ಳುವುದು. ಹಳೆಯ ತಲೆಮಾರಿನ ಅಲರ್ಜಿ ಮಾತ್ರೆಗಳು ಅದೇ ರಾಸಾಯನಿಕದ ಕೆಲಸಕ್ಕೆ ಅಡ್ಡ ನಿಲ್ಲುತ್ತವೆ. ಒಂದು ಕಡೆ ಕೊಡಕ್ಕೆ ನೀರು ತುಂಬುತ್ತಾ ಇನ್ನೊಂದು ಕಡೆ ತೂತು ಕೊರೆದ ಹಾಗೆ. ಹಗಲಿನ ಮಂಪರು, ಸಂಜೆಯ ಗಲಿಬಿಲಿ, ಒಣಗಿದ ಬಾಯಿ, ಎಲ್ಲಕ್ಕೂ ಉತ್ತರ ಆ ಹಾಳೆಯಲ್ಲಿತ್ತು.

ಡಾಕ್ಟರು ನೆಗಡಿ ಮಾತ್ರೆ ನಿಲ್ಲಿಸಿದರು. ಡೊನೆಪೆಜಿಲ್‌ನ್ನು ಬೆಳಗಿನ ಹೊತ್ತಿಗೆ ಬದಲಿಸಿದರು. ಈ ಮಾತ್ರೆ ಹೃದಯದ ಬಡಿತ ನಿಧಾನ ಮಾಡಬಹುದು, ಅದಕ್ಕೆ ಇಸಿಜಿಯನ್ನೂ ಮಾಡಿಸಿದರು. ಹತ್ತು ದಿನದಲ್ಲಿ ಕನಸು ನಿಂತಿತು. ಮೂರು ತಿಂಗಳ ಮೇಲೆ ಮೋಕಾ 19. ಕಿವಿ ತಪಾಸಣೆಯೂ ಆಯಿತು. ಎರಡೂ ಕಿವಿ ಮಂದ ಆಗಿದ್ದವು, ಅವರು ಮರೆತರು ಅಂದುಕೊಂಡ ಎಷ್ಟೋ ಮಾತು ಅವರಿಗೆ ಕೇಳಿಸಿಯೇ ಇರಲಿಲ್ಲ. ಶ್ರವಣ ಸಾಧನ ಹಾಕಿಸಿದರು.

ನಡುವೆ ಮಗಳು ಹೊಸ ಔಷಧಗಳ ಬಗ್ಗೆ ಕೇಳಿದಳು. ಲೆಕಾನೆಮಾಬ್‌ಗೆ ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಒಪ್ಪಿಗೆ ಸಿಕ್ಕಿತು, ಡೊನಾನೆಮಾಬ್‌ಗೆ 2024ರಲ್ಲಿ. ಎರಡೂ ಮಿದುಳಿನಲ್ಲಿ ಸೇರಿಕೊಂಡ ಅಮಿಲಾಯ್ಡ್ ಎಂಬ ಪ್ರೋಟೀನನ್ನು ತೆಗೆಯುತ್ತವೆ, ಆರಂಭದ ಹಂತದವರಿಗೆ ಮಾತ್ರ. ಲೆಕಾನೆಮಾಬ್‌ನ 18 ತಿಂಗಳ ಪ್ರಯೋಗದಲ್ಲಿ ಕುಸಿತ ಶೇ 27ರಷ್ಟು ನಿಧಾನವಾಗಿತ್ತು. ಕೇಳಲು ದೊಡ್ಡದು, ಕಾಯಿಲೆ ಎಷ್ಟು ಮುಂದುವರಿದಿದೆ ಅಂತ ಅಳೆಯುವ 18 ಅಂಕದ ಮಾಪನದಲ್ಲಿ ನೋಡಿದರೆ 0.45 ಅಂಕದ ವ್ಯತ್ಯಾಸ. ಹೋದ ನೆನಪು ವಾಪಸ್ ಬರುವುದಿಲ್ಲ. ಮಿದುಳು ಊದುವ, ರಕ್ತ ಒಸರುವ ಅಪಾಯ ಇರುವುದರಿಂದ ಮತ್ತೆ ಮತ್ತೆ ಎಂಆರ್‌ಐ ಮಾಡಿಸಬೇಕು. ಆಂಟಿಯ ಎಂಆರ್‌ಐಯಲ್ಲಿ ಆಗಲೇ ಸಣ್ಣ ರಕ್ತಸ್ರಾವದ ಚುಕ್ಕೆಗಳು 4ಕ್ಕಿಂತ ಜಾಸ್ತಿ ಇದ್ದವು. ಅಂಥವರಿಗೆ ಕೊಡುವುದಿಲ್ಲ. ಆ ಬಾಗಿಲು ಅಲ್ಲಿಗೆ ಮುಚ್ಚಿತು.

ನನ್ನ ಎಡವಟ್ಟುಗಳು

ಇನ್ನು ನನ್ನ ಸರದಿ. ಮೊದಲು ಪುಸ್ತಕದಲ್ಲಿ ಹೇಳಿದಂತೆ ಎಲ್ಲದಕ್ಕೂ ಚೀಟಿ ಅಂಟಿಸಿದೆ. ಬೀರು, ಡಬ್ಬಿ, ಬಾಗಿಲು, ಸ್ವಿಚ್ಚು, ಒಟ್ಟು ನಲವತ್ತು ಚೀಟಿ ಇರಬೇಕು. ಮೂರನೇ ದಿನ ಹೋದರೆ ಒಂದೂ ಇಲ್ಲ. ಆಂಟಿ ಎಲ್ಲ ಕಿತ್ತು ಉಂಡೆ ಮಾಡಿ ಕಸದ ಬುಟ್ಟಿಗೆ ಹಾಕಿದ್ದರು. "ಇದೇನು ಮನೆನಾ, ಗೋಡೌನಾ? ಬಂದವರೆಲ್ಲ ಓದ್ತಾರೆ." ಅವರಿಗೆ ಬೀರು ಯಾವುದು ಅಂತ ಗೊತ್ತಿತ್ತು, ಆ ಹಂತ ಇನ್ನೂ ದೂರ. ನಾನು ಮುಂದಿನ ಹಂತದ ಮದ್ದನ್ನು ಈಗಲೇ ಹಚ್ಚಿದ್ದೆ.

ಫೋನಿನಲ್ಲಿ ಮೆದುಳಿನ ಕಸರತ್ತಿನ ಆಟಗಳೂ ಅಷ್ಟೇ, ಅವು ಮಗಳ ಆಸೆ. ಆಂಟಿ ದಿನಾ ಸೋಲುತ್ತಿದ್ದರು. ಆಟ ಆಡಿ ಆಡಿ ಆ ಆಟದಲ್ಲಿ ಚುರುಕಾಗುವುದು ಬೇರೆ, ಗಿರಾಕಿಯ ಬಟ್ಟೆ ನೆನಪಿಡುವುದು ಬೇರೆ. ಎರಡು ವಾರದಲ್ಲಿ ನಿಲ್ಲಿಸಿದೆವು.

ಯಜಮಾನರಿಗೆ ಒಂದು ಸಣ್ಣ ಕೆಲಸ ಕೊಟ್ಟೆ. "ಈಗ ತಾನೇ ಹೇಳ್ದೆ ಅಲ್ವಾ" ಅಂತ ದಿನಕ್ಕೆ ಎಷ್ಟು ಸಲ ಹೇಳುತ್ತೀರಿ, ಎಣಿಸಿ ಅಂದೆ. ಅವರು ಲೆಕ್ಕದ ಮನುಷ್ಯ, ಶರ್ಟಿನ ಜೇಬಿನಲ್ಲಿ ಚೀಟಿ ಇಟ್ಟುಕೊಂಡು ಗೀಟು ಹಾಕಿದರು. ಒಂದು ದಿನಕ್ಕೆ 23. ಆ ಚೀಟಿ ನನಗೆ ತೋರಿಸುವಾಗ ಅವರ ಮುಖ ನೋಡಲಾಗಲಿಲ್ಲ. ನಾನು ಬುದ್ಧಿ ಹೇಳುವ ಅಗತ್ಯವೇ ಬೀಳಲಿಲ್ಲ. ಎರಡನೇ ವಾರ 6ಕ್ಕೆ ಬಂತು.

ಕೈಗೆ ಗೊತ್ತಿರುವುದು, ತಲೆಗೆ ಬೇಕಾದದ್ದು

ಪ್ರಕರಣ ತಿರುಗಿದ್ದು ಆಂಟಿಯದೇ ಒಂದು ಮಾತಿನಿಂದ. ಬೆಲ್ಟ್ ಬಂದ ಮೇಲೆ ಅವರನ್ನು ಮಿಷನ್ ಮುಂದೆ ಕೂರಿಸಿ ಸುಮ್ನೆ ನೋಡುತ್ತಾ ಕೂತೆ. ದಾರ ಪೋಣಿಸಿದರು, ಬಾಬಿನ್ ಹಾಕಿದರು, ಹಳೆಯ ಬಟ್ಟೆಯ ಮೇಲೆ ನೇರ ಹೊಲಿಗೆ ಓಡಿಸಿದರು. ಗೆರೆ ಹಾಕಿದಂತಿತ್ತು. ಆಮೇಲೆ ಮೇಜಿನ ಮೇಲೆ ಬಟ್ಟೆ ಹರಡಿ, ಚಾಕ್ ಹಿಡಿದು, ಹಾಗೇ ನಿಂತರು. ಟೇಪು ಕೊರಳಲ್ಲೇ ಇತ್ತು. ಎದೆ ಸುತ್ತಳತೆಯ ನಾಲ್ಕನೇ ಒಂದು ಭಾಗ ಲೆಕ್ಕ ಹಾಕಬೇಕು, ಹೊಲಿಗೆಗೆ ಬಿಡುವಷ್ಟು ಕೂಡಿಸಬೇಕು, ಬಟ್ಟೆಯ ಉಲ್ಟಾ ಸೀದಾ ನೋಡಬೇಕು, ಕತ್ತಿನ ಆಳ ನೆನಪಿಡಬೇಕು, ಇಷ್ಟೂ ಒಟ್ಟಿಗೆ. ಚಾಕ್ ಕೆಳಗಿಟ್ಟು ಅಂದರು: "ಹೊಲಿಯೋದು ಕೈಗೆ ಗೊತ್ತು. ಕತ್ತರಿಸೋದಕ್ಕೆ ತಲೆ ಬೇಕು."

ಮಿದುಳಿನ ಬಗ್ಗೆ ಇದಕ್ಕಿಂತ ಸರಳವಾಗಿ ನನಗೂ ಹೇಳಲು ಬರುವುದಿಲ್ಲ. ಅಭ್ಯಾಸದಿಂದ ಬಂದ ಕೈಕೆಲಸದ ನೆನಪು ಹಿಪೊಕ್ಯಾಂಪಸ್‌ನ ಮೇಲೆ ಅಷ್ಟಾಗಿ ಅವಲಂಬಿಸಿಲ್ಲ. ಅದಕ್ಕೇ ಆರಂಭದ ಹಂತದಲ್ಲಿ ಹೊಸದು ಉಳಿಯದಿದ್ದರೂ ಹಳೆಯ ಕಸುಬು ಉಳಿಯುತ್ತದೆ. ಕೆಡುವುದು ಯೋಜನೆ ಹಾಕುವ, ನಾಲ್ಕಾರು ಅಂಶ ಒಟ್ಟಿಗೆ ತಲೆಯಲ್ಲಿಟ್ಟುಕೊಳ್ಳುವ ಭಾಗ. ಮನೆಯವರು ಟೈಲರಿಂಗ್ ಎಂಬ ಇಡೀ ಮೂಟೆಯನ್ನೇ ಕಿತ್ತುಕೊಂಡಿದ್ದರು. ಮೂಟೆ ಬಿಚ್ಚಿ ನೋಡಿದರೆ ಒಳಗೆ ಹತ್ತು ಕೆಲಸ ಇದ್ದವು, ಅದರಲ್ಲಿ ಕೆಟ್ಟಿದ್ದು ಮೂರು.

ಹೊಸ ಏರ್ಪಾಡು ಹೀಗಾಯಿತು. ಅಳತೆ ತೆಗೆಯುವುದು ಆಂಟಿ, ಜೋರಾಗಿ ಹೇಳುವುದು, ಹುಡುಗಿ ಬರೆಯುವುದು. ಲೆಕ್ಕ ಮತ್ತು ಕತ್ತರಿ ಹುಡುಗಿಯದು. ಕತ್ತರಿಸಿದ ಮೇಲೆ ಆಂಟಿ ಪರೀಕ್ಷೆ ಮಾಡುವುದು. ಎರಡು ತೋಳನ್ನೂ ಬಾಯಿಗೆ ಬಾಯಿ ಕೂಡಿಸಿ ಬೆರಳು ಆಡಿಸುತ್ತಿದ್ದರು, ನೆನಪಿಸಿಕೊಳ್ಳುವುದಕ್ಕಿಂತ ಎದುರಿಗಿದ್ದದ್ದನ್ನು ಗುರುತಿಸುವುದು ಸುಲಭ ನೋಡಿ. ಸರಿಯಿದ್ದರೆ ಎಡ ತೋಳಿಗೆ ನೀಲಿ ದಾರದ ಕಚ್ಚಾ ಹೊಲಿಗೆ, ಬಲಕ್ಕೆ ಕೆಂಪು. ಹೊಲಿಗೆ ಆಂಟಿಯದು. ಮೇಜಿನ ಮೇಲೆ ಒಂದು ಸಲಕ್ಕೆ ಒಬ್ಬರದೇ ಬಟ್ಟೆ, ಬೇರೆಯದೆಲ್ಲ ಬಾಗಿಲಿರುವ ಕಪಾಟಿನೊಳಗೆ. ಈ ಕೊನೆಯ ನಿಯಮ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿತು ಅಂತ ನನ್ನ ಅಂದಾಜು. ಕಣ್ಣಿಗೆ ಕಾಣುವ ಬಟ್ಟೆ ಕಡಿಮೆಯಾದಷ್ಟು ಗಲಿಬಿಲಿ ಕಡಿಮೆ.

ಮಧ್ಯದಲ್ಲಿ ಯಾರೋ ಬಂದು ಮಾತಾಡಿಸಿದರೆ ಎಲ್ಲಿ ನಿಲ್ಲಿಸಿದ್ದೆ ಅಂತ ಮರೆತುಹೋಗುವುದು ಉಳಿದೇ ಇತ್ತು. ಅದಕ್ಕೆ ಏಪ್ರನ್ ಜೇಬಿನಲ್ಲಿ ಒಂದು ಕಾರ್ಡು: ಯಾರ ಬಟ್ಟೆ, ಏನಾಗಿದೆ, ಮುಂದೇನು. ಆದರೆ ಕಾರ್ಡು ಇದೆ ಅಂತಲೇ ಮರೆತರೆ? ಜನ ಸೋಲುವುದು ಇಲ್ಲೇ. ಸಾಧನ ಕೊಡುತ್ತೇವೆ, ಸಾಧನ ನೋಡುವ ಅಭ್ಯಾಸ ಕಲಿಸುವುದಿಲ್ಲ.

ಕಲಿಸಲು ಒಂದು ಹಳೆಯ ವಿಧಾನ ಇದೆ, ಅಂತರ ಹಿಗ್ಗಿಸುತ್ತಾ ಕೇಳುವುದು. "ಎಲ್ಲಿ ನಿಲ್ಲಿಸಿದ್ದೆ ಅಂತ ತಿಳಿಯದಿದ್ದರೆ ಏನು ಮಾಡ್ತೀರಿ?" ಅಂತ ಕೇಳುವುದು. "ಜೇಬು ನೋಡ್ತೀನಿ" ಅನ್ನಬೇಕು, ಅನ್ನುತ್ತಲೇ ಕೈ ಜೇಬಿಗೆ ಹೋಗಬೇಕು. ಅರ್ಧ ನಿಮಿಷ ಬಿಟ್ಟು ಮತ್ತೆ, ಆಮೇಲೆ ಒಂದು ನಿಮಿಷ, ಎರಡು, ನಾಲ್ಕು, ಎಂಟು. ನಡುವೆ ಬೇರೆ ಮಾತು, ಬೇರೆ ಕೆಲಸ. ತಪ್ಪಿದರೆ "ಯೋಚನೆ ಮಾಡಿ" ಅಂತ ಕಾಡಬಾರದು. ಕೂಡಲೇ ಉತ್ತರ ಹೇಳಿಕೊಟ್ಟು, ಅವರಿಂದ ಹೇಳಿಸಿ, ಹಿಂದೆ ಸರಿಯಾಗಿ ಬಂದಿದ್ದ ಅಂತರಕ್ಕೆ ಮರಳಬೇಕು. ಊಹೆ ಮಾಡಲು ಬಿಟ್ಟರೆ ತಪ್ಪೇ ಮನಸ್ಸಿನಲ್ಲಿ ಕೂರುತ್ತದೆ. ಹುಡುಗಿ ಒಂಬತ್ತು ದಿನ ಇದನ್ನು ಮಾಡಿದಳು, ಗುಂಡಿ ಹೊಲಿಯುತ್ತಾ, ಆಟದಂತೆ. ಹತ್ತನೇ ದಿನ ಫೋನ್ ಬಂತು, ಆಂಟಿ ಮಾತಾಡಿ ಇಟ್ಟರು, ಯಾರೂ ಕೇಳಲಿಲ್ಲ, ಕೈ ತಾನಾಗಿ ಜೇಬಿಗೆ ಹೋಯಿತು.

ಇದರಿಂದ ನೆನಪಿನ ಶಕ್ತಿ ಬೆಳೆಯಿತು ಅಂತ ಯಾರೂ ತಿಳಿಯಬಾರದು. ಬ್ರಿಟನ್‌ನಲ್ಲಿ 475 ಜನರ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಗ್ರೇಟ್ ಎಂಬ ಪ್ರಯೋಗದಲ್ಲೂ ಹೀಗೇ ಆಗಿತ್ತು. ರೋಗಿಗಳು ತಾವೇ ಆರಿಸಿಕೊಂಡ ದಿನನಿತ್ಯದ ಕೆಲಸಗಳಲ್ಲಿ ಸುಧಾರಿಸಿದರು, ಸಾಮಾನ್ಯ ನೆನಪಿನ ಪರೀಕ್ಷೆಯಲ್ಲಿ ಸುಧಾರಿಸಲಿಲ್ಲ. ಆಂಟಿಗೆ ಐದು ಪದ ಆಗಲೂ ಬರಲಿಲ್ಲ, ಆದರೆ ಎಲ್ಲಿ ನಿಲ್ಲಿಸಿದ್ದೆ ಅಂತ ಜೇಬು ನೋಡಿ ತಿಳಿಯುತ್ತಿತ್ತು.

ಗಿರಾಕಿಗಳಿಗೆ ಹೇಳುವುದೋ ಬೇಡವೋ

ಮಗಳಿಗೆ ಇಷ್ಟವಿರಲಿಲ್ಲ. ನಾನು ಯಾವ ಕಡೆಯೂ ವಾಲಲಿಲ್ಲ, ಆಂಟಿಯನ್ನು ಕೇಳಿ ಅಂದೆ. ಆಂಟಿ ಎರಡು ದಿನ ಯೋಚಿಸಿದರು, ಅಳತೆ ಪುಸ್ತಕ ತಿರುವಿ ಹನ್ನೊಂದು ಹೆಸರು ಆರಿಸಿದರು. ಅವರಿಗೆ ಮಾತ್ರ, ತಾವೇ ಹೇಳಿದರು: "ನನಗೆ ಅಲ್ಝೈಮರ್ ಇದೆ. ಕತ್ತರಿಸೋದು ಇವಳು, ಹೊಲಿಯೋದು ನಾನು. ಬೇಕಾದರೆ ಕೊಡಿ." ಇಬ್ಬರು ಮತ್ತೆ ಬರಲಿಲ್ಲ. ಎಂಟು ಜನ ಮೊದಲಿನ ಹಾಗೇ ಬಂದರು. ಒಬ್ಬರನ್ನು ಆಂಟಿಯೇ ಬಿಟ್ಟರು. ಆಕೆ ಬಂದಾಗಲೆಲ್ಲ ರಾಗ ಎಳೆದು, ಎಳೆ ಮಗುವನ್ನು ಮಾತಾಡಿಸಿದ ಹಾಗೆ ಮಾತಾಡುತ್ತಿದ್ದರಂತೆ. "ಮರೆವು ಬಂದಿರೋದು ನನಗೆ, ಆಕೆಗೇನಾಗಿದೆ?"

ಅದೇ ತಿಂಗಳು ಕಾಗದಪತ್ರದ ಕೆಲಸವನ್ನೂ ಮುಗಿಸಿದೆವು. ಉಯಿಲು, ತನ್ನ ಪರವಾಗಿ ಸಹಿ ಮಾಡಲು ಮಗಳಿಗೆ ಅಧಿಕಾರ, ಬ್ಯಾಂಕಿನ ಮೆಸೇಜ್ ಮಗಳ ಫೋನಿಗೂ ಹೋಗುವ ವ್ಯವಸ್ಥೆ. ಆಯಾ ಕಡೆಯ ಕಾನೂನು ಬೇರೆ ಬೇರೆ, ವಕೀಲರನ್ನು ಕೇಳಲೇಬೇಕು. ಆದರೆ ಸಮಯದ ವಿಷಯ ಎಲ್ಲ ಕಡೆ ಒಂದೇ. ಆಂಟಿಗೆ ತಾನು ಸಹಿ ಹಾಕುತ್ತಿರುವುದು ಏನು ಅಂತ ಪೂರ್ತಿ ಅರ್ಥವಾಗುತ್ತಿದ್ದ ದಿನಗಳಲ್ಲಿ ಇದು ಆಯಿತು. ಎರಡು ವರ್ಷ ಬಿಟ್ಟು ಹೋಗಿದ್ದರೆ ಆಗುತ್ತಿರಲಿಲ್ಲ.

ಎಲ್ಲ ಸಲೀಸಾಗಿ ಸಾಗಲಿಲ್ಲ. ಹದಿನಾಲ್ಕನೇ ತಿಂಗಳಲ್ಲಿ ಹುಡುಗಿ ರಜೆ ಹಾಕಿದಾಗ ಆಂಟಿ ಯಾರಿಗೂ ಹೇಳದೆ ಹೊಸಬರೊಬ್ಬರ ಬಟ್ಟೆ ತೆಗೆದುಕೊಂಡರು, ತಾವೇ ಕತ್ತರಿಸಿದರು, ಕೆಟ್ಟಿತು, ಕೆಟ್ಟದ್ದನ್ನು ಮುಚ್ಚಿಟ್ಟರು, ಮುಚ್ಚಿಟ್ಟ ಜಾಗ ಮರೆತರು. ಗಿರಾಕಿ ಬಂದು ಕೂಗಾಡಿದರು. ಮಗಳು ನನಗೆ ಫೋನ್ ಮಾಡಿ "ಬೆಲ್ಟ್ ಮತ್ತೆ ತೆಗೀತೀನಿ" ಅಂದಳು. ನಿಜ ಹೇಳಬೇಕೆಂದರೆ ನನಗೂ ಆ ಹೊತ್ತಿಗೆ ಅದೇ ಸರಿ ಅನ್ನಿಸಿತ್ತು. ತಡೆದದ್ದು ಯಜಮಾನರು. "ಬೆಲ್ಟ್ ಏನು ಮಾಡಿದೆ? ಕತ್ತರಿ ಎತ್ತಿಡೋಣ" ಅಂದರು. ಹೌದಲ್ಲ. ಕೆಟ್ಟದ್ದು ಕತ್ತರಿಯ ಕೆಲಸ, ಶಿಕ್ಷೆ ಮಿಷನ್ನಿಗೆ ಯಾಕೆ? ಆಂಟಿಯನ್ನು ಕೂರಿಸಿ ಕೇಳಿದೆವು. ಅವರೇ ದೊಡ್ಡ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಹುಡುಗಿಗೆ ಕೊಟ್ಟರು, ಹೋಗುವಾಗ ಮನೆಗೆ ತೆಗೆದುಕೊಂಡು ಹೋಗು, ಬರುವಾಗ ತಾ ಅಂತ. ದಾರ ಕತ್ತರಿಸುವ ಸಣ್ಣ ಕತ್ತರಿ ಉಳಿಯಿತು.

ಈ ಪ್ರಕರಣವನ್ನು ನಾನು ಬೇರೆ ಮನೆಯವರಿಗೆ ಹೇಳುವಾಗ ಜಾಸ್ತಿ ಒತ್ತಿ ಹೇಳುವುದು ಈ ಕತ್ತರಿ ಮತ್ತು ಬೆಲ್ಟಿನ ವ್ಯತ್ಯಾಸವನ್ನೇ. ಎರಡೂ ಸಲ ಏನೋ ಒಂದನ್ನು ತೆಗೆದದ್ದೇ. ಬೆಲ್ಟನ್ನು ಆಂಟಿಗೆ ತಿಳಿಯದಂತೆ ತೆಗೆದರು, ಅವರು ಕೋಣೆಯನ್ನೇ ಬಿಟ್ಟರು. ಕತ್ತರಿಯನ್ನು ಅವರೇ ಕೊಟ್ಟರು, ಮರುದಿನ ಬೆಳಿಗ್ಗೆ ಬಂದು ಹೊಲಿಯಲು ಕೂತರು.

ಅದಾದ ಮೇಲೆ ನಾವು ಒಂದು ಕೆಲಸ ಮಾಡಿದೆವು, ಮೊದಲೇ ಮಾಡಬೇಕಿತ್ತು. ಅಳತೆ ಪುಸ್ತಕದ ಕೊನೆಯ ಪುಟಗಳಲ್ಲಿ ಆಂಟಿ ಹೇಳಿದ್ದನ್ನು ಹುಡುಗಿ ಬರೆದಳು, ಕೆಳಗೆ ಆಂಟಿ ಸಹಿ. ಯಾವುದನ್ನು ಯಾವಾಗ ನಿಲ್ಲಿಸಬೇಕು ಅಂತ. ಒಬ್ಬರೇ ಹೊರಗೆ ಹೋಗುವುದು: ದಾರಿ ತಪ್ಪಿ ಯಾರಾದರೂ ಒಂದು ಸಲ ಮನೆಗೆ ಕರೆತಂದು ಬಿಟ್ಟರೆ ನಿಲ್ಲಿಸಬೇಕು. ಅಳತೆ ತೆಗೆಯುವುದು: ಒಂದೇ ಗಿರಾಕಿಯ ಅಳತೆ ಒಂದೇ ದಿನ ಮೂರು ಸಲ ತೆಗೆದರೆ. ಮಿಷನ್: ಸೂಜಿ ಬೆರಳಿಗೆ ಎರಡು ಸಲ ಚುಚ್ಚಿದರೆ. ಯಾರು ಹೇಳಬೇಕು? ಹುಡುಗಿ. "ಮಗಳು ಹೇಳಿದರೆ ಜಗಳ ಆಡ್ತೀನಿ, ಇವರು ಹೇಳಿದರೆ ಕೇಳಲ್ಲ" ಅಂತ ಅದನ್ನೂ ಬರೆಸಿದ್ದಾರೆ.

ಮೂರು ವರ್ಷ ಆಗುತ್ತಾ ಬಂತು. ಮೋಕಾ ಈಗ 15. ಅಳತೆ ತೆಗೆಯುವುದು ಹೋದ ವರ್ಷ ನಿಂತಿತು, ಪುಸ್ತಕದಲ್ಲಿ ಇದ್ದ ಹಾಗೇ. ಜೇಬಿನ ಕಾರ್ಡು ಈಗ ಅವರಿಗೆ ಓದಲು ಕಷ್ಟ, ಹುಡುಗಿ ಪಕ್ಕದಲ್ಲಿ ಕೂತು ಹೇಳುತ್ತಾಳೆ. ಅಂಗಡಿ ಈಗ ಅವಳದೇ ಅನ್ನಬಹುದು. ಆಂಟಿ ಹೆಮ್ಮಿಂಗ್ ಮಾಡುತ್ತಾರೆ, ಹುಕ್ಕು ಹೊಲಿಯುತ್ತಾರೆ, ದಿನಕ್ಕೆ ಒಂದು ಗಂಟೆ ಮಿಷನ್ ತುಳಿಯುತ್ತಾರೆ, ಅದೂ ನೇರ ಹೊಲಿಗೆ ಮಾತ್ರ. ಹೋದ ತಿಂಗಳು ಸೂಜಿ ಎಡಗೈ ತೋರುಬೆರಳಿಗೆ ಚುಚ್ಚಿತು, ಸಣ್ಣ ಗಾಯ. ನಾನು ಹೋದಾಗ ಬೆರಳಿಗೆ ಪಟ್ಟಿ ಇತ್ತು. ಹುಡುಗಿ ಪುಸ್ತಕ ತೆಗೆದು ಆ ಸಾಲು ಓದಿದಳು. ಆಂಟಿ ಕೇಳಿಸಿಕೊಂಡು, ಚಾಕ್ ತೆಗೆದುಕೊಂಡು, ಆ ಸಾಲಿನ ಪಕ್ಕ ಒಂದು ಗೀಟು ಎಳೆದರು.

"ಇನ್ನೊಂದು ಬಾಕಿ ಇದೆ" ಅಂದು ಮಿಷನ್ ಕಡೆ ತಿರುಗಿದರು.